ಬ್ರಸೆಲ್ಸ್‌ನ ಚಳಿ ಮತ್ತು ಒಂದು ಸೆಂಟಿಮೀಟರ್

ಗುರುವಾರ

ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಿಂದ ಬೆಲ್ಜಿಯಂನ ಬ್ರಸೆಲ್ಸ್‌ಗೆ ಎರಡು ಗಂಟೆ ಸಾಕು ಅಂತ ಮ್ಯಾಪ್ ಹೇಳುತ್ತದೆ. ಆ್ಯಂಟ್‌ವರ್ಪ್‌ನ ರಿಂಗ್ ರೋಡ್ ಮಾತ್ರ ಮ್ಯಾಪಿನ ಮಾತು ಕೇಳುವುದಿಲ್ಲ. ಬಂದರಿಗೆ ಹೋಗುವ ಕಂಟೇನರ್ ಲಾರಿಗಳೆಲ್ಲ ಅಲ್ಲೇ ಬಂದು ಸೇರುತ್ತವೆ. ಮುಂದೆ ಲಾರಿ, ಹಿಂದೆ ಲಾರಿ, ಮೇಲಿಂದ ಸಣ್ಣಗೆ ಮಳೆ. ನನ್ನ ಭಾವಮೈದ ಸುಹಾಸ ಸ್ಟಿಯರಿಂಗ್ ಮೇಲೆ ಬೆರಳು ಬಡಿಯುತ್ತಾ ಕೂತಿದ್ದ.

"ಭಾವ, ಫೈನಲ್ ನಾಳೆ ಸಂಜೆ ತಾನೇ? ಅಷ್ಟೊತ್ತಿಗೆ ತಲುಪ್ತೀವಿ ಬಿಡಿ."

ಈ ಪ್ರವಾಸ ಹುಟ್ಟಿದ್ದೇ ಅವನ ತಲೆಯಲ್ಲಿ. ಐಂಡ್‌ಹೋವನ್‌ನಲ್ಲಿ ಕೆಲಸ. ನಾನು ಸೆಪ್ಟೆಂಬರ್‌ನಲ್ಲಿ ಬರುವುದು ಗೊತ್ತಾದ ತಕ್ಷಣ ಫೋನ್ ಮಾಡಿದ್ದ. 2024ರ ಡೈಮಂಡ್ ಲೀಗ್ ಅಥ್ಲೆಟಿಕ್ಸ್ ಸರಣಿಯ ಫೈನಲ್ ಬ್ರಸೆಲ್ಸ್‌ನಲ್ಲಿ, ಸೆಪ್ಟೆಂಬರ್ 13 ಮತ್ತು 14, ನೀರಜ್ ಚೋಪ್ರಾ ಬರ್ತಾನೆ, ಟಿಕೆಟ್ ತಗೊಂಡ್ಬಿಡ್ಲಾ ಅಂತ. ತಗೋ ಅಂದೆ. ಎದುರು ಬದಿಯ ಸೀಟು, ಅಂದರೆ ಫಿನಿಷ್ ಲೈನಿಗೆ ಆಚೆ ಕಡೆಯದು. ಫಿನಿಷ್ ಹತ್ತಿರದ ಸೀಟಿಗೆ ದುಡ್ಡು ಜಾಸ್ತಿ. ಆದರೆ ಎಸೆತ, ಜಿಗಿತಗಳನ್ನು ನೋಡುವ ಆಸೆ ಇದ್ದವರಿಗೆ ಆ ಖರ್ಚು ಬೇಕಾಗಿಲ್ಲ. ಓಟದ ಕೊನೆಯ ಹತ್ತು ಮೀಟರ್ ಹೇಗೂ ದೊಡ್ಡ ಪರದೆಯಲ್ಲಿ ಕಾಣುತ್ತದೆ.

ಉಳಿದುಕೊಂಡದ್ದು ಲಾಕೆನ್ ಕಡೆ, ಬಾಕ್‌ಸ್ಟಾಲ್ ಮೆಟ್ರೋ ಸ್ಟೇಷನ್ ಹತ್ತಿರದ ಒಂದು ಮನೆಯ ಮೇಲ್ಮಹಡಿಯಲ್ಲಿ. ಊರ ನಡುವಿನ ಹೋಟೆಲ್‌ಗಿಂತ ಇದೇ ಒಳ್ಳೆಯದಾಯಿತು. ಬಾಕ್‌ಸ್ಟಾಲ್‌ನಿಂದ 6ನೇ ನಂಬರ್ ಮೆಟ್ರೋ ಹತ್ತಿದರೆ ಮೂರನೇ ಸ್ಟಾಪ್ ಹೇಸೆಲ್, ಸ್ಟೇಡಿಯಂ ಅಲ್ಲೇ. ಬ್ರಸೆಲ್ಸ್‌ನಲ್ಲಿ ಬೋರ್ಡುಗಳೆಲ್ಲ ಫ್ರೆಂಚ್ ಮತ್ತು ಡಚ್ ಎರಡರಲ್ಲೂ ಇರುತ್ತವೆ. ಸ್ಟೇಷನ್‌ಗಳ ಹೆಸರೂ ಹಾಗೆಯೇ. ಫೋನಿನಲ್ಲಿ 'ರ್ವಾ ಬೊಡುವಾಂ' ಅಂತ ಓದಿ ಬೋರ್ಡಿನಲ್ಲಿ 'ಕೋನಿಂಗ್ ಬೌಡ್‌ವೈನ್' ನೋಡಿ ಗಾಬರಿ ಬೀಳಬೇಡಿ, ಎರಡೂ ಒಂದೇ. ಗೇಟಿನಲ್ಲಿ ಬ್ಯಾಂಕ್ ಕಾರ್ಡ್ ತೋರಿಸಿದರೆ ಸಾಕು, ತೆರೆದುಕೊಳ್ಳುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಬೇಕು ಅಷ್ಟೇ.

ರಾತ್ರಿ ಊಟಕ್ಕೆ ಫ್ರೀತ್ ತಿನ್ನೋಣ ಅಂತ ಹೊರಟೆವು. ಆಲೂಗಡ್ಡೆಯನ್ನು ಎರಡು ಸಲ ಕರಿದು ಕೊಡುವುದು ಇಲ್ಲಿನ ಪದ್ಧತಿ. ಮೊದಲು ಹದವಾದ ಬಿಸಿಯಲ್ಲಿ ಬೇಯಿಸಿ ತೆಗೆದು ಆರಲು ಬಿಡುತ್ತಾರೆ, ಆಮೇಲೆ ಜೋರು ಬಿಸಿಯಲ್ಲಿ ಗರಿಗರಿ ಮಾಡುತ್ತಾರೆ. ಮೂಲೆಯ ಅಂಗಡಿಯಲ್ಲಿ ಸಾಲು ಇತ್ತು, ವಾಸನೆ ಚೆನ್ನಾಗಿತ್ತು. ನಮ್ಮ ಸರದಿ ಬಂದಾಗ ಸುಹಾಸ ಸುಮ್ನೆ ಇರಲಾರದೆ ಕೇಳಿದ, ಕರಿಯೋದು ಯಾವ ಎಣ್ಣೆಯಲ್ಲಿ ಅಂತ. ಅಂಗಡಿಯಾಕೆ ನಕ್ಕರು. "ಎಣ್ಣೆ ಯಾಕೆ? ದನದ ಕೊಬ್ಬು. ಅದಿಲ್ಲದಿದ್ದರೆ ಅದು ಫ್ರೀತ್ ಹೇಗಾಗುತ್ತೆ?" ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಆಕೆಗೆ ಅರ್ಥವಾಯಿತು. ಕೈಯಲ್ಲಿದ್ದ ಚಮಚದಿಂದಲೇ ದಾರಿ ತೋರಿಸಿದರು. ಎರಡು ಬೀದಿ ಆಚೆ ಇನ್ನೊಂದು ಅಂಗಡಿ, ಅಲ್ಲಿ ಸಸ್ಯದ ಎಣ್ಣೆ ಬಳಸುತ್ತಾರಂತೆ. "ರುಚಿ ಇರಲ್ಲ, ಆಮೇಲೆ ನನ್ನ ಬೈಬೇಡಿ" ಅಂತಲೂ ಸೇರಿಸಿದರು.

ರುಚಿ ಇತ್ತು. ಆಂಡಲೂಸ್ ಸಾಸ್ ಜೊತೆ ಇನ್ನೂ ಚೆನ್ನಾಗಿತ್ತು. ಸಸ್ಯಾಹಾರಿಗಳು ಬೆಲ್ಜಿಯಂಗೆ ಹೋದರೆ ಕೇಳದೆ ಫ್ರೀತ್ ತಿನ್ನಬೇಡಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಶುಕ್ರವಾರ

ಬೆಳಗ್ಗೆ ಮಳೆ ಬಿಟ್ಟಿತ್ತು. ಗಾಳಿ ಬಿಟ್ಟಿರಲಿಲ್ಲ. ಮನೆಯೊಡತಿ ನಮ್ಮ ತೆಳ್ಳನೆಯ ಜಾಕೆಟ್ ನೋಡಿ, ಏನೂ ಹೇಳದೆ, ಒಳಗಿನಿಂದ ಎರಡು ಉಣ್ಣೆಯ ಕಂಬಳಿ ತಂದು ಕುರ್ಚಿಯ ಮೇಲಿಟ್ಟರು. ಆಮೇಲೆ ಹೇಳಿದರು, "ಸ್ಟೇಡಿಯಂ ಒಳಗೆ ಕೂತರೆ ಗೊತ್ತಾಗುತ್ತೆ."

ಸಂಜೆವರೆಗೆ ಸಮಯ ಇತ್ತು. ಹೇಸೆಲ್‌ನಲ್ಲಿ ಇಳಿದು ಮೊದಲು ಆಟೋಮಿಯಂ ಕಡೆ ನಡೆದೆವು. 1958ರ ವಿಶ್ವ ಮೇಳಕ್ಕೆ ಕಟ್ಟಿದ್ದು. ಕಬ್ಬಿಣದ ಹರಳಿನಲ್ಲಿ ಪರಮಾಣುಗಳು ಹೇಗೆ ಕೂತಿರುತ್ತವೋ ಹಾಗೆ ಒಂಬತ್ತು ಗೋಳ, 102 ಮೀಟರ್ ಎತ್ತರ. ಮೇಲೆ ಹತ್ತುವ ಸಾಲು ಉದ್ದ ಇತ್ತು, ಟಿಕೆಟ್ ದರವೂ ಕಡಿಮೆಯೇನಲ್ಲ. ಕೆಳಗಿನಿಂದಲೇ ನೋಡಿದೆವು. ಸ್ಟೇಡಿಯಂಗೆ ಬರುವವರಿಗೆ ಇದೊಂದು ಒಳ್ಳೆಯ ಗುರುತು. ದಾರಿ ತಪ್ಪಿದರೆ ತಲೆ ಎತ್ತಿ ಗೋಳ ಎಲ್ಲಿದೆ ನೋಡಿದರಾಯಿತು.

ಕಿಂಗ್ ಬೌಡ್‌ವೈನ್ ಸ್ಟೇಡಿಯಂನ ಹಳೆಯ ಹೆಸರೇ ಹೇಸೆಲ್. 1985ರ ಮೇ 29ರಂದು ಯುರೋಪಿಯನ್ ಕಪ್ ಫುಟ್‌ಬಾಲ್ ಫೈನಲ್ ನಡೆಯುವ ಮೊದಲು ಗಲಭೆಯಾಗಿ, ಗೋಡೆ ಕುಸಿದು 39 ಜನ ಸತ್ತ ಜಾಗ ಇದು. ಸತ್ತವರಲ್ಲಿ ಹೆಚ್ಚಿನವರು ಯುವೆಂಟಸ್ ತಂಡದ ಇಟಾಲಿಯನ್ ಅಭಿಮಾನಿಗಳು. ಅವರ ನೆನಪಿಗೆ ಒಂದು ಸೂರ್ಯಗಡಿಯಾರ ಮಾಡಿ, 39 ದೀಪ ಇಟ್ಟಿದ್ದಾರೆ. 1995ರಲ್ಲಿ ಸ್ಟೇಡಿಯಂ ಹೊಸದಾಗಿ ಕಟ್ಟಿ ಹೆಸರು ಬದಲಿಸಿದರು. ಊರಿನವರ ಬಾಯಲ್ಲಿ ಮಾತ್ರ ಈಗಲೂ ಹೇಸೆಲ್ಲೇ.

ಗೇಟಿನಲ್ಲಿ ಸಣ್ಣ ತಾಪತ್ರಯ. ಸುಹಾಸ ಮರದ ಕೋಲು ಸಿಕ್ಕಿಸಿದ ತ್ರಿವರ್ಣ ಧ್ವಜ ತಂದಿದ್ದ. ಬಾವುಟ ಸರಿ, ಕೋಲು ಬೇಡ ಅಂದರು ಕಾವಲಿನವರು. ಐದು ನಿಮಿಷ ವಾದ ಮಾಡಿ ನೋಡಿದ. ಆಗಲಿಲ್ಲ. ಕೋಲು ಕಸದ ಬುಟ್ಟಿಗೆ ಹೋಯಿತು.

ಒಳಗೆ ನಮ್ಮ ಪಕ್ಕದ ಸೀಟಿನಲ್ಲಿ ಒಬ್ಬ ಅಜ್ಜ. ಲ್ಯೂವೆನ್ ಕಡೆಯವರು, ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದು ನಿವೃತ್ತರಾದವರು. ತೊಡೆಯ ಮೇಲೆ ರಟ್ಟು, ಅದಕ್ಕೆ ಕ್ಲಿಪ್ ಹಾಕಿದ ಸ್ಟಾರ್ಟ್ ಲಿಸ್ಟ್, ಕಿವಿಯ ಮೇಲೆ ಮೋಟು ಪೆನ್ಸಿಲ್. ಪ್ರತಿ ಎಸೆತ, ಪ್ರತಿ ಜಿಗಿತವನ್ನೂ ಚಿಕ್ಕ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದರು. ಫೌಲ್ ಆದರೆ ಒಂದು ಗುಣಿಸು ಚಿಹ್ನೆ. ಪೆನ್ಸಿಲ್ ಮೊಂಡಾದರೆ ಜೇಬಿನಿಂದ ಚಾಕು ತೆಗೆಯುತ್ತಾರೇನೋ ಅಂದುಕೊಂಡೆ. ಇಲ್ಲ, ಕಾವಲಿನವರಿಗೆ ಹೆದರಿ ಎರಡನೇ ಪೆನ್ಸಿಲ್ ತಂದಿದ್ದರು.

"ಮೊದಲನೇ ಮೀಟ್‌ನಿಂದ ಬರ್ತಿದ್ದೀನಿ. 1977" ಅಂದರು.

ಬ್ರಸೆಲ್ಸ್‌ನ ಈ ಕೂಟದ ನಿಜವಾದ ಹೆಸರು ಮೆಮೋರಿಯಲ್ ವ್ಯಾನ್ ಡ್ಯಾಮ್. ಐವೊ ವ್ಯಾನ್ ಡ್ಯಾಮ್ ಬೆಲ್ಜಿಯಂನ ಓಟಗಾರ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ 800 ಮೀಟರ್‌ನಲ್ಲೂ ಬೆಳ್ಳಿ, 1500ರಲ್ಲೂ ಬೆಳ್ಳಿ. 800ರಲ್ಲಿ ಅವನ ಮುಂದೆ ಓಡಿದ್ದು ಕ್ಯೂಬಾದ ಹ್ವಾಂಟೊರೇನ, 1500ರಲ್ಲಿ ನ್ಯೂಜಿಲೆಂಡ್‌ನ ಜಾನ್ ವಾಕರ್. ಅದೇ ಡಿಸೆಂಬರ್ 29ರಂದು ಫ್ರಾನ್ಸ್‌ನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ. 22 ವರ್ಷ. ಅವನ ಹೆಸರಲ್ಲಿ ಮುಂದಿನ ವರ್ಷವೇ ಕ್ರೀಡಾ ಪತ್ರಕರ್ತರು ಸೇರಿ ಈ ಕೂಟ ಶುರು ಮಾಡಿದರು. ಅಜ್ಜ ಇದನ್ನೆಲ್ಲ ಹೇಳಿದ್ದು ತುಂಡುತುಂಡಾಗಿ, ಎರಡು ಓಟಗಳ ನಡುವೆ. ಗುಂಡು ಹಾರಿದ ತಕ್ಷಣ ಮಾತು ನಿಲ್ಲುತ್ತಿತ್ತು.

ಡೈಮಂಡ್ ಲೀಗ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. 2010ರಲ್ಲಿ ಶುರುವಾದ ಸರಣಿ. 2024ರಲ್ಲಿ 14 ಊರುಗಳಲ್ಲಿ ಕೂಟ ನಡೆದು ಕೊನೆಗೆ ಇಲ್ಲಿ ಫೈನಲ್. ಪ್ರತಿ ಕೂಟದಲ್ಲೂ ಮೊದಲ ಸ್ಥಾನಕ್ಕೆ 8 ಅಂಕ, ಎರಡನೆಯದಕ್ಕೆ 7, ಹೀಗೆ ಎಂಟನೆಯದಕ್ಕೆ 1. ಅಂಕಗಳ ಕೆಲಸ ಫೈನಲ್‌ಗೆ ಕರೆತರುವವರೆಗೆ ಮಾತ್ರ. ಇಲ್ಲಿಗೆ ಬಂದ ಮೇಲೆ ಎಲ್ಲರದೂ ಸೊನ್ನೆಯಿಂದ ಲೆಕ್ಕ. ಆ ದಿನ ಗೆದ್ದವರಿಗೆ ವಜ್ರದಾಕಾರದ ಟ್ರೋಫಿ, 2024ರಲ್ಲಿ ಜೊತೆಗೆ 30,000 ಡಾಲರ್. ಎರಡನೆಯವರಿಗೆ 12,000. ನನಗೆ ಈ ನಿಯಮ ಅಷ್ಟು ಇಷ್ಟವಿಲ್ಲ. ನಾಲ್ಕು ತಿಂಗಳು ಊರೂರು ಸುತ್ತಿ ಗೆದ್ದವನು ಒಂದು ಸಂಜೆ ಹೊಟ್ಟೆ ಕೆಟ್ಟರೆ ಮುಗಿಯಿತು ಅಲ್ವಾ? ಅಜ್ಜನಿಗೆ ಹೇಳಿದರೆ ಭುಜ ಕುಣಿಸಿದರು. "ಅದಕ್ಕೇ ಜನ ಟಿಕೆಟ್ ತಗೋತಾರೆ."

ನಮ್ಮ ಅವಿನಾಶ್ ಸಾಬ್ಳೆ ಓಡಿದ್ದು ಈ ಸಂಜೆಯೇ, 3000 ಮೀಟರ್ ಸ್ಟೀಪಲ್‌ಚೇಸ್, ಅಂದರೆ ಅಡ್ಡತೊಲೆ, ನೀರಿನ ಗುಂಡಿ ಹಾರುತ್ತಾ ಓಡುವ ಓಟ. ಅಂಕಪಟ್ಟಿಯಲ್ಲಿ ಅವನು 14ನೆಯವನು, ಜಾಗ ಇದ್ದದ್ದು 12. ಮೇಲಿದ್ದ ಕೆಲವರು ಹಿಂದೆ ಸರಿದದ್ದರಿಂದ ಬಾಗಿಲು ತೆರೆಯಿತು. ಟಿವಿಯಲ್ಲಿ ಸ್ಟೀಪಲ್‌ಚೇಸ್ ನೋಡಿದರೆ ಅದರ ಸದ್ದು ಕೇಳುವುದಿಲ್ಲ. ಆ ಅಡ್ಡತೊಲೆ ಸಾಮಾನ್ಯ ಹರ್ಡಲ್ ಥರ ಬೀಳುವುದಿಲ್ಲ, ಗಟ್ಟಿ ಮರ. 91.4 ಸೆಂಟಿಮೀಟರ್ ಎತ್ತರ. ಒಬ್ಬೊಬ್ಬರು ಅದರ ಮೇಲೆ ಕಾಲಿಟ್ಟಾಗ ಧಡ್ ಅಂತ ಕೇಳುತ್ತದೆ. ಒಟ್ಟು 28 ತಡೆ, 7 ನೀರಿನ ಗುಂಡಿ. ಮೊದಲ ಸುತ್ತುಗಳಲ್ಲಿ ಎಲ್ಲರೂ ಗುಂಪಾಗಿ ಹಾರುವಾಗ ಯಾರ ಕಾಲು ಯಾರಿಗೆ ತಾಗುತ್ತದೋ ಅಂತ ನಮಗೇ ಭಯ. ಕೊನೆಯ ಸುತ್ತುಗಳಿಗೆ ಬರುವ ಹೊತ್ತಿಗೆ ಸಾಬ್ಳೆ ಹಿಂದೆ ಉಳಿದಿದ್ದ.

ಗೆದ್ದದ್ದು ಕೆನ್ಯಾದ ಅಮೋಸ್ ಸೆರೆಮ್, 8:06.90. ಎರಡು ಸಲ ಒಲಿಂಪಿಕ್ ಚಿನ್ನ ಗೆದ್ದ ಮೊರಾಕ್ಕೋದ ಎಲ್ ಬಕ್ಕಾಲಿಯನ್ನೇ ಹಿಂದೆ ಹಾಕಿದ. ಸಾಬ್ಳೆ ಒಂಬತ್ತನೆಯವನು, 8:17.09. ಜುಲೈನಲ್ಲಿ ಪ್ಯಾರಿಸ್‌ನಲ್ಲಿ 8:09.91 ಓಡಿ ರಾಷ್ಟ್ರೀಯ ದಾಖಲೆ ಮಾಡಿದ್ದವನು. ಸುಹಾಸನಿಗೆ ಬೇಸರ. ಅಜ್ಜ ಪೆನ್ಸಿಲ್‌ನಲ್ಲಿ ಸಮಯ ಬರೆದು, ಪಕ್ಕದಲ್ಲಿ ಸಣ್ಣದಾಗಿ 'ಸೆಪ್ಟೆಂಬರ್' ಅಂತ ಬರೆದರು. ಯಾಕೆ ಅಂತ ಕೇಳಿದೆ.

"ಸೆಪ್ಟೆಂಬರ್‌ನಲ್ಲಿ ಓಡಿದ ಸಮಯಕ್ಕೂ ಜುಲೈನಲ್ಲಿ ಓಡಿದ್ದಕ್ಕೂ ಒಂದೇ ತಕ್ಕಡಿ ಹಾಕಬಾರದು. ಒಲಿಂಪಿಕ್ಸ್ ಮುಗಿಸಿ ಬಂದಿದ್ದಾರೆ. ಎಲ್ಲರ ಕಾಲೂ ಖಾಲಿ."

ಅದು ನಿಜ ಅಂತ ಆಮೇಲೆ ಗಮನಿಸುತ್ತಾ ಹೋದೆ. ಮದುವೆ ಮನೆಯಲ್ಲಿ ಕೊನೇ ಪಂಕ್ತಿಗೆ ಕೂತ ಮನೆಯವರ ಹಾಗಿದ್ದರು ಎಲ್ಲರೂ. ಸುಸ್ತು ಮುಖದಲ್ಲೇ ಇದೆ, ಆದರೆ ನಗು ಜಾಸ್ತಿ, ಎದುರಾಳಿಯ ಹೆಗಲ ಮೇಲೆ ಕೈ. ಓಟ ಮುಗಿದ ಮೇಲೆ ಟ್ರ್ಯಾಕ್ ಮೇಲೆಯೇ ಮಲಗಿಬಿಡುವುದು, ಬೇಲಿಯ ಹತ್ತಿರ ಬಂದು ಮಕ್ಕಳ ಟೋಪಿಗೆ ಸಹಿ ಹಾಕುವುದು. ಟಿವಿಯವರು ಅಷ್ಟೊತ್ತಿಗೆ ಮುಂದಿನ ಓಟಕ್ಕೆ ಹೋಗಿರುತ್ತಾರೆ.

ಒಂಬತ್ತು ಗಂಟೆ ದಾಟುವಷ್ಟರಲ್ಲಿ ಕಂಬಳಿ ಕಿವಿವರೆಗೆ ಬಂತು. ಸುಹಾಸ ಕೋಲಿಲ್ಲದ ಬಾವುಟವನ್ನು ಶಾಲಿನ ಥರ ಸುತ್ತಿಕೊಂಡ. ಮುಗಿದ ಮೇಲೆ ಮೆಟ್ರೋ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರಲಿಲ್ಲ. ನಡೆದೇ ಹೊರಟೆವು. ಹೇಸೆಲ್‌ನಿಂದ ಬಾಕ್‌ಸ್ಟಾಲ್‌ಗೆ ಅರ್ಧ ಗಂಟೆಗೂ ಸ್ವಲ್ಪ ಜಾಸ್ತಿ. ದಾರಿ ಇಳಿಜಾರು, ಬೀದಿ ದೀಪ ಚೆನ್ನಾಗಿದೆ. ನೀವೂ ಹಾಗೇ ಮಾಡಿ.

ಶನಿವಾರ

ಊರು ನೋಡುವ ದಿನ. ಗ್ರಾಂಡ್ ಪ್ಲಾಸ್ ಚೌಕದಲ್ಲಿ ಹಳೆಯ ವ್ಯಾಪಾರಿ ಸಂಘಗಳ ಮನೆಗಳು ಚಿನ್ನದ ಬಣ್ಣ ಹಚ್ಚಿಕೊಂಡು ನಿಂತಿದ್ದವು. ಉಚ್ಚೆ ಹೊಯ್ಯುವ ಪುಟ್ಟ ಹುಡುಗನ ಮನ್ನೆಕೆನ್ ಪಿಸ್ ಬೊಂಬೆಯ ಮುಂದೆ ಜನವೋ ಜನ, ಬೊಂಬೆ ಒಂದು ಮೊಳಕ್ಕಿಂತ ಸ್ವಲ್ಪ ಉದ್ದ ಅಷ್ಟೇ. ಅದಕ್ಕಿಂತ 1847ರಲ್ಲಿ ತೆರೆದ ಸಾಂತ್ ಹ್ಯೂಬೆರ್ ಗ್ಯಾಲರಿ ನನಗೆ ಹಿಡಿಸಿತು. ಮೇಲೆ ಗಾಜಿನ ಚಾವಣಿ, ಕೆಳಗೆ ಚಾಕೊಲೇಟ್ ಅಂಗಡಿಗಳು, ಮಳೆ ಬಂದರೆ ನಿಲ್ಲಲು ಜಾಗ. ಮಳೆ ಬಂತು. ಒಂದು ಗಂಟೆ ಅಲ್ಲೇ ನಿಂತೆವು.

ವಾಫಲ್‌ನಲ್ಲಿ ಎರಡು ಬಗೆ. ಆಯತಾಕಾರದ್ದು, ಹಗುರವಾದದ್ದು ಬ್ರಸೆಲ್ಸ್‌ನದು. ಅಂಚು ಅಂಕುಡೊಂಕಾಗಿ, ಒಳಗೆ ಸಕ್ಕರೆ ಹರಳು ಕರಗಿ ಕರಕಲು ಬಣ್ಣಕ್ಕೆ ತಿರುಗಿದ್ದು ಲೀಯೆಜ್‌ನದು. ಮೇಲೆ ಕ್ರೀಮು, ಸ್ಟ್ರಾಬೆರಿ, ಚಾಕೊಲೇಟ್ ಸುರಿದು ಮಾರುವುದು ಬಂದವರಿಗಾಗಿ. ಸುಹಾಸ ಎಲ್ಲವನ್ನೂ ಸುರಿಸಿಕೊಂಡ. ಅರ್ಧ ಜಾಕೆಟ್ ತಿಂದಿತು. ನಾನು ಲೀಯೆಜ್‌ನದನ್ನು ಏನೂ ಹಾಕಿಸದೆ ಬಿಸಿಬಿಸಿ ತಿಂದೆ. ಜಾಕೆಟ್ ತೊಳೆಯಲು ಶೌಚಾಲಯಕ್ಕೆ ಹೋದರೆ ಅಲ್ಲಿ ಚಿಲ್ಲರೆ ಕೇಳಿದರು. ಜೇಬಿನಲ್ಲಿ ಒಂದೆರಡು ಯೂರೋ ನಾಣ್ಯ ಇಟ್ಟುಕೊಂಡಿರಿ, ಕಾರ್ಡ್ ಎಲ್ಲ ಕಡೆ ನಡೆಯುವುದಿಲ್ಲ.

ಸಂಜೆ ಸ್ಟೇಡಿಯಂ. ಎರಡು ಸಂಜೆಗಳಲ್ಲಿ ಕಂಡದ್ದನ್ನೆಲ್ಲ ಬರೆಯಲು ಕೂತರೆ ಮುಗಿಯದು. ಪೋಲ್‌ವಾಲ್ಟ್‌ನಲ್ಲಿ ಡುಪ್ಲಾಂಟಿಸ್ 6.11 ಮೀಟರ್ ಹಾರಿದ. ಫೇಯ್ತ್ ಕಿಪ್ಯೆಗಾನ್ 1500 ಮೀಟರ್ ಅನ್ನು 3:54.75ಕ್ಕೆ ಮುಗಿಸಿದಳು, ಓಡುವಾಗ ಅವಳ ತಲೆ ಒಂದಿಷ್ಟೂ ಅಲ್ಲಾಡುವುದಿಲ್ಲ. ಸೇಂಟ್ ಲೂಸಿಯಾದ ಜೂಲಿಯೆನ್ ಆಲ್ಫ್ರೆಡ್ ಆ ಚಳಿಯಲ್ಲೂ 100 ಮೀಟರ್ ಗೆದ್ದಳು. ಅಜ್ಜನ ಮಾತಿನಲ್ಲಿ ಮಾತ್ರ ಹಳೆಯ ವರ್ಷಗಳೇ ಜಾಸ್ತಿ. 2005ರಲ್ಲಿ ಇಥಿಯೋಪಿಯಾದ ಬೆಕೆಲೆ ಇಲ್ಲೇ 10,000 ಮೀಟರ್ ವಿಶ್ವದಾಖಲೆ ಮಾಡಿದ್ದು, 26:17.53. 2011ರಲ್ಲಿ ಜಮೈಕಾದ ಯೋಹಾನ್ ಬ್ಲೇಕ್ 200 ಮೀಟರನ್ನು 19.26ಕ್ಕೆ ಓಡಿದ್ದು. "ಆವತ್ತು ಬೋಲ್ಟ್ 100 ಓಡಿದ್ದ. ಎಲ್ಲರೂ ಅವನನ್ನ ನೋಡೋಕೆ ಬಂದಿದ್ರು. ಕೊನೆಗೆ ಮಾತಾಡಿಕೊಂಡು ಹೋದದ್ದು ಬ್ಲೇಕ್ ಬಗ್ಗೆ."

ಜಾವೆಲಿನ್‌ಗೆ ಏಳು ಜನ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 92.97 ಮೀಟರ್ ಎಸೆದು ಚಿನ್ನ ಗೆದ್ದ ಅರ್ಷದ್ ನದೀಂ ಇರಲಿಲ್ಲ. ಬೆಳ್ಳಿಯ ನೀರಜ್, ಕಂಚಿನ ಆ್ಯಂಡರ್ಸನ್ ಪೀಟರ್ಸ್ ಇದ್ದರು. ಜರ್ಮನಿಯ ಯೂಲಿಯಾನ್ ವೇಬರ್ ಕೂಡ. ಊರಿನ ಕೂಗೆಲ್ಲ ಬೆಲ್ಜಿಯಂನ ಟಿಮೊಥಿ ಹರ್ಮನ್‌ಗೆ. ನಮ್ಮ ಕಡೆ ಅಲ್ಲಲ್ಲಿ ತ್ರಿವರ್ಣ ಕಂಡವು, 'ನೀ-ರಜ್, ನೀ-ರಜ್' ಶುರುವಾಯಿತು. ಹಿಂದಿನ ಸಾಲಿನ ಬೆಲ್ಜಿಯನ್ ಹುಡುಗರಿಗೆ ಆ ಲಯ ಇಷ್ಟವಾಗಿ ಅವರೂ ಸೇರಿಕೊಂಡರು.

ಪೀಟರ್ಸ್ ಮೊದಲ ಎಸೆತದಲ್ಲೇ 87.87. ಒಂದು ಲಕ್ಷ ಚಿಲ್ಲರೆ ಜನ ಇರುವ ಗ್ರೆನಡಾ ದ್ವೀಪದವನು, ಎರಡು ಸಲ ವಿಶ್ವ ಚಾಂಪಿಯನ್. ನೀರಜ್ ಮೊದಲು 86.82, ಎರಡನೆಯದು ಕಮ್ಮಿ. ಮೂರನೆಯದು ಕೈ ಬಿಟ್ಟ ಕೂಡಲೇ ಜನ ಎದ್ದರು. 800 ಗ್ರಾಂ ತೂಕದ ಆ ಈಟಿ ದೀಪದ ಬೆಳಕಿನಲ್ಲಿ ಒಂದು ಕ್ಷಣ ಕಾಣುತ್ತದೆ, ಆಮೇಲೆ ಕಾಣುವುದಿಲ್ಲ, ಆಮೇಲೆ ಹುಲ್ಲಿನಲ್ಲಿ ನಿಂತಿರುತ್ತದೆ. ತುದಿ ತಾಗಿದ ಜಾಗಕ್ಕೆ ಒಬ್ಬರು ಓಡಿದರು. ಪ್ರಿಸಂ ಇರುವ ಕೋಲನ್ನು ಅಲ್ಲಿ ಊರಿ ಅಲುಗದೆ ಹಿಡಿದರು. ದೂರದಲ್ಲಿ ಮುಕ್ಕಾಲಿಯ ಮೇಲಿನ ಯಂತ್ರ ಬೆಳಕು ಬಿಟ್ಟು ಅಳೆಯಿತು. ಟೇಪ್ ಹಿಡಿದು ಓಡುವ ಕಾಲ ಹೋಯಿತು.

ಬೋರ್ಡಿನಲ್ಲಿ 87.86.

ನಮ್ಮ ಸಾಲು ಕುಣಿಯಿತು. ಎರಡು ಕ್ಷಣ ಆದ ಮೇಲೆ ಕೊನೆಯ ಅಂಕಿ ಸರಿಯಾಗಿ ಓದಿಕೊಂಡು ನಿಂತಿತು. "ಭಾವ, ಒಂದು ಸೆಂಟಿಮೀಟರಾ?" ಸುಹಾಸನಿಗೆ ನಂಬಿಕೆಯೇ ಬರಲಿಲ್ಲ. ಅಜ್ಜ ಬರೆದುಕೊಂಡು ಪೆನ್ಸಿಲ್ ಕಿವಿಗೆ ಸಿಕ್ಕಿಸಿದರು. ಆಮೇಲೆ ನಿಯಮ ಹೇಳಿದರು. ಅಳತೆ ಯಾವಾಗಲೂ ಕೆಳಗಿನ ಸೆಂಟಿಮೀಟರ್‌ಗೆ ಇಳಿಸುತ್ತಾರೆ, ಮೇಲಿನ ಮಿಲಿಮೀಟರ್‌ಗಳನ್ನು ಬಿಟ್ಟುಬಿಡುತ್ತಾರೆ. ಹಾಗಾಗಿ ಇಬ್ಬರ ನಡುವಿನ ನಿಜವಾದ ಅಂತರ ಒಂದು ಮಿಲಿಮೀಟರೂ ಇರಬಹುದು, ಹೆಚ್ಚುಕಡಿಮೆ ಎರಡು ಸೆಂಟಿಮೀಟರೂ ಇರಬಹುದು. "ಯಂತ್ರಕ್ಕೆ ಗೊತ್ತು. ನಮಗೆ ಹೇಳಲ್ಲ."

ಇನ್ನೂ ಮೂರು ಎಸೆತ ಇತ್ತಲ್ಲ, ಅದೇ ಧೈರ್ಯ. ಎರಡು ಸಣ್ಣವಾದವು. ಕೊನೆಯದಕ್ಕೆ ಇಡೀ ಸ್ಟೇಡಿಯಂ ಚಪ್ಪಾಳೆ ತಟ್ಟಿತು. 86.46. ವೇಬರ್ 85.97ಕ್ಕೆ ಮೂರನೆಯವನು. ನಮ್ಮೂರಿನಲ್ಲಿ ಅಷ್ಟೊತ್ತಿಗೆ ನಡುರಾತ್ರಿ ದಾಟಿತ್ತು, ಆದರೂ ಮನೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರೂ ಮಲಗಿರಲಿಲ್ಲ. ಹಿಂದಿನ ವರ್ಷ ಯೂಜೀನ್‌ನಲ್ಲೂ ಎರಡನೆಯವನು, ಈಗಲೂ ಎರಡನೆಯವನು ಅಂತ ನಮ್ಮ ಚಿಕ್ಕಪ್ಪನ ಗೊಣಗಾಟ. 2022ರಲ್ಲಿ ಜ್ಯೂರಿಕ್‌ನಲ್ಲಿ ಇದೇ ಟ್ರೋಫಿ ಗೆದ್ದದ್ದು ಯಾರು ಅಂತ ಸುಹಾಸ ಉತ್ತರ ಕುಟ್ಟಿದ.

ಅಜ್ಜ ಎದ್ದು ಹೋಗುವಾಗ ನಮ್ಮ ಕೈ ಕುಲುಕಿದರು. ಪಟ್ಟಿಯ ಹಾಳೆ ಮಡಚಿ ಕೋಟಿನ ಒಳಜೇಬಿಗೆ ಹಾಕಿಕೊಂಡರು. ಒಂದು ಫೋಟೋ ಕೇಳಿದೆ, ಹಾಳೆಯದ್ದು. "ತಗೊಳ್ಳಿ, ಆದರೆ ನನ್ನ ಅಕ್ಷರ ಓದೋಕಾಗಲ್ಲ" ಅಂದರು. ಓದಲಾಗಲಿಲ್ಲ.

ಭಾನುವಾರ

ಕಂಬಳಿ ಮಡಚಿ ವಾಪಸ್ ಕೊಟ್ಟು, ಕಾಫಿ ಕುಡಿದು, ಕಾರು ಹತ್ತಿದೆವು. ಆ್ಯಂಟ್‌ವರ್ಪ್‌ಗಿಂತ ಮೊದಲು ಸುಹಾಸನ ಫೋನ್ ಬಡಿದುಕೊಳ್ಳಲು ಶುರು. ಓದಿ ಹೇಳಿ ಭಾವ, ನಾನು ಓಡಿಸ್ತಿದ್ದೀನಿ ಅಂದ.

ನೀರಜ್ ಎಕ್ಸ್‌ನಲ್ಲಿ ಬರೆದಿದ್ದ, ಜೊತೆಗೆ ಎಕ್ಸ್‌ರೇ ಚಿತ್ರ. ಸೋಮವಾರ ಅಭ್ಯಾಸದಲ್ಲಿ ಎಡಗೈಗೆ ಪೆಟ್ಟಾಗಿದೆ, ನಾಲ್ಕನೇ ಬೆರಳಿನ ಬುಡದ ಅಂಗೈ ಮೂಳೆ ಮುರಿದಿದೆ. ಅದರಲ್ಲೇ ಎಸೆದದ್ದು. ಎಸೆಯುವುದು ಬಲಗೈ ಅನ್ನುವುದು ಸರಿ. ಆದರೆ ಎಸೆಯುವಾಗ ಎಡಗೈಯನ್ನು ಮುಂದೆ ಚಾಚಿ, ಜೋರಾಗಿ ಎದೆಗೆ ಎಳೆದುಕೊಂಡೇ ಮೈ ತಿರುಗುವುದು. ಎಸೆದ ಮೇಲೆ ಗೆರೆ ದಾಟದಂತೆ ನೆಲಕ್ಕೆ ಕೈ ಊರಿ ನಿಲ್ಲುವುದು ನೀರಜನ ಅಭ್ಯಾಸ ಬೇರೆ.

ಸುಹಾಸ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾವು ಅಲ್ಲೇ ಇದ್ವಿ, ಒಂದಿಷ್ಟೂ ಗೊತ್ತಾಗ್ಲಿಲ್ವಲ್ಲ ಭಾವ" ಅಂದ. ಟಿವಿಯಲ್ಲಿ ನೋಡಿದವರಿಗೂ ಗೊತ್ತಾಗಿರಲಿಲ್ಲ ಬಿಡು ಅಂದೆ. ಹಾಗಾದ್ರೆ ಬರಲೇಬಾರದಿತ್ತು ಅಂತ ಅವನೇ ವಾದ ಹೂಡಿದ, ಒಲಿಂಪಿಕ್ಸ್ ಮುಗಿದಿದೆ, ಕೈ ಮುರಿದಿದೆ, ಮನೆಯಲ್ಲಿ ಕೂರಬಹುದಿತ್ತು ಅಂತ. ರಿಂಗ್ ರೋಡ್ ಬರುವವರೆಗೆ ಇದೇ ಜಗಳ. ನನ್ನ ಪ್ರಕಾರ ಬಂದದ್ದೇ ಸರಿ. ಇದು ಸೀಸನ್ನಿನ ಕೊನೆಯ ಎಸೆತ, ಇದಾದ ಮೇಲೆ ಮೂಳೆ ಕೂಡಿಕೊಳ್ಳಲು ತಿಂಗಳುಗಟ್ಟಲೆ ಸಮಯ ಇತ್ತು. ಸುಹಾಸ ಒಪ್ಪಲಿಲ್ಲ. ಈಗಲೂ ಒಪ್ಪಿಲ್ಲ.

ಭಾನುವಾರವಾದ್ದರಿಂದ ಲಾರಿಗಳು ಕಡಿಮೆ ಇದ್ದವು. ಗಡಿ ದಾಟಿದ ಮೇಲೆ ಪೆಟ್ರೋಲ್ ಬಂಕ್‌ನಲ್ಲಿ ನಿಲ್ಲಿಸಿ, ಚೀಸ್ ಬ್ರೆಡ್ ತಿನ್ನುತ್ತಾ ಅವನು ಫೋನಿನಲ್ಲಿ ಏನೋ ಹುಡುಕುತ್ತಿದ್ದ. 2025ರ ಫೈನಲ್ ಜ್ಯೂರಿಕ್‌ನಲ್ಲಿ, ಆಗಸ್ಟ್ 27 ಮತ್ತು 28. "ಆಗಸ್ಟ್ ಅಂದ್ರೆ ಚಳಿ ಇರಲ್ಲ ಭಾವ, ರಜೆ ಹಾಕಿ" ಅಂದ. ಅಲ್ಲಿನ ಹೋಟೆಲ್ ರೂಮಿಗೆ ಒಂದು ರಾತ್ರಿಗೆ ಎಷ್ಟು ಅಂತ ಕೇಳಿದೆ. ಫೋನ್ ನನ್ನ ಕಡೆ ತಿರುಗಿಸಿದ. ನೋಡಿ, ಅವನ ಬ್ರೆಡ್ಡಿನ ಉಳಿದರ್ಧವನ್ನೂ ನಾನೇ ತಿಂದೆ.